ಹಳೆಯ ಜೈನ ಪತ್ರಿಕೆಗಳಲ್ಲಿ ನಮ್ಮೂರ ಬಸದಿಯನ್ನು ಹುಡುಕುವುದು ಹೇಗೆ?

ಪಂಚಕಲ್ಯಾಣ ಮಹೋತ್ಸವ ನಿಶ್ಚಯವಾದ ಕೂಡಲೇ ಸಮಿತಿಯವರು ಮಾಡುವ ಮೊದಲ ಕೆಲಸಗಳಲ್ಲಿ ಸ್ಮರಣ ಸಂಚಿಕೆಯೂ ಒಂದು. ‘ಬಸದಿಯ ಇತಿಹಾಸ’ ಎಂಬ ಎರಡು ಪುಟಗಳ ಲೇಖನವನ್ನು ಊರಿನ ಮೇಷ್ಟ್ರಿಗೋ ಹಿರಿಯ ಶ್ರಾವಕರಿಗೋ ವಹಿಸುತ್ತಾರೆ. ಅವರು ಹಿಂದಿನ ಸ್ಮರಣ ಸಂಚಿಕೆಯನ್ನು ತೆರೆದು, ಅದರಲ್ಲಿದ್ದುದನ್ನೇ ಸ್ವಲ್ಪ ತಿದ್ದಿ ಕೊಡುತ್ತಾರೆ. ಹಿಂದಿನದನ್ನು ಬರೆದವರು ಅದಕ್ಕೂ ಹಿಂದಿನದನ್ನು ನೋಡಿದ್ದರು. ಹೀಗೆ ಒಮ್ಮೆ ಅಚ್ಚಾದ ತಪ್ಪು ವರ್ಷ ನಾಲ್ಕು ತಲೆಮಾರು ದಾಟಿ ಕೊನೆಗೆ ಬಸದಿಯ ಬಾಗಿಲ ಪಕ್ಕದ ಗ್ರಾನೈಟ್ ಫಲಕದ ಮೇಲೆ ಬಂದು ಕುಳಿತುಬಿಡುತ್ತದೆ. ಆಮೇಲೆ ಅದನ್ನು ತಿದ್ದುವವರಿಲ್ಲ.

ಇದಕ್ಕೆ ಪರಿಹಾರ ಈಗ ಮೊದಲಿನಷ್ಟು ಕಷ್ಟವಲ್ಲ. ನೂರು ವರ್ಷಗಳಿಂದ ಪ್ರಕಟವಾಗುತ್ತಾ ಬಂದ ಜೈನ ಪತ್ರಿಕೆಗಳ ಹಳೆಯ ಸಂಚಿಕೆಗಳು ಸ್ಕ್ಯಾನ್ ಆಗಿ ಅಂತರ್ಜಾಲದಲ್ಲಿವೆ. ಮನೆಯಲ್ಲೇ ಕುಳಿತು, ಹಣ ಕೊಡದೆ, ಊರಿನ ಹೆಸರನ್ನು ಕೊಟ್ಟು ಹುಡುಕಬಹುದು. ಆದರೆ ಹುಡುಕಿದವರಲ್ಲಿ ಹೆಚ್ಚಿನವರು ಹತ್ತು ನಿಮಿಷದಲ್ಲಿ ‘ನಮ್ಮೂರಿನದು ಏನೂ ಇಲ್ಲ’ ಎಂದು ಮುಚ್ಚಿಡುತ್ತಾರೆ. ಬಹಳಷ್ಟು ಸಲ ವಿಷಯ ಅಲ್ಲೇ ಇರುತ್ತದೆ. ನಾವು ಕೇಳಿದ ಹೆಸರಿನಲ್ಲಿ ಇರುವುದಿಲ್ಲ, ಅಷ್ಟೇ. ಈ ಲೇಖನ ಮುಖ್ಯವಾಗಿ ಆ ಹೆಸರುಗಳ ಬಗ್ಗೆ.

ಯಾವ ಪತ್ರಿಕೆ, ಎಲ್ಲಿದೆ?

ಕರ್ನಾಟಕದ ಜೈನರಿಗೆ ಸಂಬಂಧಿಸಿದ ಹಳೆಯ ಮಾಹಿತಿ ಬಹಳಷ್ಟು ಇರುವುದು ಕರ್ನಾಟಕದಿಂದ ದೂರದಲ್ಲಿ ಅಚ್ಚಾದ ಪತ್ರಿಕೆಗಳಲ್ಲಿ ಎಂಬುದು ಹಲವರಿಗೆ ಆಶ್ಚರ್ಯವಾಗಬಹುದು. ಬಿಹಾರದ ಆರಾ ನಗರದ ಜೈನ ಸಿದ್ಧಾಂತ ಭವನದಿಂದ ಹೊರಡುತ್ತಿದ್ದ ‘ಜೈನ ಸಿದ್ಧಾಂತ ಭಾಸ್ಕರ’ ಇದಕ್ಕೆ ಒಳ್ಳೆಯ ಉದಾಹರಣೆ. ಮೊದಲು ಅಲ್ಪಕಾಲ ನಡೆದು ನಿಂತಿದ್ದ ಈ ಪತ್ರಿಕೆ 1935ರಲ್ಲಿ ಮತ್ತೆ ಆರಂಭವಾಯಿತು. ಹಿಂದಿ ಭಾಗದ ಜೊತೆಗೆ ‘ದಿ ಜೈನ ಆಂಟಿಕ್ವರಿ’ ಎಂಬ ಇಂಗ್ಲಿಷ್ ಭಾಗವೂ ಒಂದೇ ರಟ್ಟಿನೊಳಗೆ ಬರುತ್ತಿತ್ತು. ಸಂಪಾದಕರ ಹೆಸರು ನೋಡಿದರೆ ಕರ್ನಾಟಕದ ನಂಟು ತಿಳಿಯುತ್ತದೆ. ಡಾ. ಹೀರಾಲಾಲ್ ಜೈನ್, ಕಾಮತಾ ಪ್ರಸಾದ್ ಜೈನ್ ಅವರ ಜೊತೆಗೆ ಬೆಳಗಾವಿ ಜಿಲ್ಲೆಯ ಸದಲಗದವರಾದ ಡಾ. ಆ. ನೇ. ಉಪಾಧ್ಯೆ ಮತ್ತು ದಕ್ಷಿಣ ಕನ್ನಡದ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಇದ್ದರು. ಮೂಡಬಿದಿರೆ, ಕಾರ್ಕಳದ ತಾಡವಾಲೆ ಗ್ರಂಥಗಳ ಸೂಚಿಯನ್ನು ಸಿದ್ಧಪಡಿಸಿದ ಶಾಸ್ತ್ರಿಗಳು ಇವರೇ. ಆ ಸೂಚಿ 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಪ್ರಕಟವಾಯಿತು. ಇಂಥವರು ಕುಳಿತಿದ್ದ ಪತ್ರಿಕೆಯಲ್ಲಿ ನಮ್ಮ ಬಸದಿಗಳು, ಶಾಸನಗಳು, ಕನ್ನಡದ ಜೈನ ಕವಿಗಳು ಮತ್ತೆ ಮತ್ತೆ ಬರುವುದು ಸಹಜ.

ಇನ್ನೊಂದು ‘ಅನೇಕಾಂತ’. ಪಂಡಿತ ಜುಗಲ ಕಿಶೋರ ಮುಖ್ತಾರರು ಆರಂಭಿಸಿದ ಹಿಂದಿ ಪತ್ರಿಕೆ. ಕಲ್ಕತ್ತೆಯ ಜೈನ ಭವನದ ‘ಜೈನ್ ಜರ್ನಲ್’ 1966ರಿಂದ ಇಂಗ್ಲಿಷಿನಲ್ಲಿ ಬಂತು. ಇವುಗಳ ಹಳೆಯ ಸಂಚಿಕೆಗಳಿಗೆ ಎರಡು ಕಡೆ ನೋಡಬೇಕು. ಒಂದು, ಅಮೆರಿಕದ ಜೈನ ಸಂಘಗಳ ಒಕ್ಕೂಟವಾದ ‘ಜೈನಾ’ದ ಶಿಕ್ಷಣ ಸಮಿತಿ ನಡೆಸುವ ಜೈನ್ ಇ-ಲೈಬ್ರರಿ. ಇನ್ನೊಂದು, ಎಲ್ಲ ಬಗೆಯ ಪುಸ್ತಕಗಳೂ ಇರುವ ಇಂಟರ್ನೆಟ್ ಆರ್ಕೈವ್. ಇವೆರಡೂ ಉಚಿತ. ಮೊದಲನೆಯದರಲ್ಲಿ ಪಟ್ಟಿ ಅಚ್ಚುಕಟ್ಟಾಗಿದೆ. ಎರಡನೆಯದು ಸಂತೆಯಿದ್ದಂತೆ, ಆದರೆ ಒಳಗಿನ ಪಠ್ಯವನ್ನು ಹುಡುಕುವ ಸೌಲಭ್ಯ ಅಲ್ಲಿ ಚೆನ್ನಾಗಿದೆ.

ಇಂಟರ್ನೆಟ್ ಆರ್ಕೈವ್‌ನಲ್ಲಿ ಹುಡುಕುವಾಗ ಒಂದು ವಿಷಯ ಗಮನಿಸಿ. ಹುಡುಕು ಪೆಟ್ಟಿಗೆಯಲ್ಲಿ ಪದ ಬರೆದು ಒತ್ತಿದರೆ ಅದು ಶೀರ್ಷಿಕೆ, ಲೇಖಕ, ವಿವರಣೆ ಇಷ್ಟನ್ನೇ ನೋಡುತ್ತದೆ. ಪುಟಗಳ ಒಳಗೆ ನೋಡಬೇಕಾದರೆ ಕೆಳಗಿನ ಆಯ್ಕೆಗಳಲ್ಲಿ ‘ಟೆಕ್ಸ್ಟ್ ಕಂಟೆಂಟ್ಸ್’ ಎಂಬುದನ್ನು ಗುರುತು ಮಾಡಬೇಕು. ಒಂದು ಸಂಪುಟವನ್ನು ತೆರೆದ ಮೇಲೆ ಬದಿಯಲ್ಲಿ ಕಾಣುವ ಭೂತಗನ್ನಡಿಯ ಚಿಹ್ನೆ ಒತ್ತಿದರೆ ಆ ಸಂಪುಟದೊಳಗೆ ಮಾತ್ರ ಹುಡುಕಬಹುದು. ಪದ ಸಿಕ್ಕ ಪುಟಗಳು ಕೆಳಗಿನ ಪಟ್ಟಿಯಲ್ಲಿ ಗುರುತಾಗಿ ಕಾಣುತ್ತವೆ.

ಯಂತ್ರ ಓದುವ ರೀತಿ

ಸ್ಕ್ಯಾನ್ ಮಾಡಿದ ಪುಟ ನಿಜವಾಗಿ ಒಂದು ಚಿತ್ರ. ಚಿತ್ರದೊಳಗಿನ ಅಕ್ಷರಗಳನ್ನು ತಂತ್ರಾಂಶವೊಂದು ಗುರುತಿಸಿ ಪಠ್ಯವಾಗಿಸುತ್ತದೆ. ಓಸಿಆರ್ ಎನ್ನುವುದು ಇದಕ್ಕೇ. ನಾವು ಹುಡುಕುವುದು ಪುಟವನ್ನಲ್ಲ, ಯಂತ್ರ ಓದಿಕೊಂಡ ಆ ಪಠ್ಯವನ್ನು. ಅದು ತಪ್ಪು ಓದಿದ್ದರೆ ಪುಟದಲ್ಲಿ ಕಣ್ಣಿಗೆ ಸ್ಪಷ್ಟವಾಗಿ ಕಾಣುವ ಪದವೂ ಹುಡುಕಾಟದಲ್ಲಿ ಸಿಗುವುದಿಲ್ಲ.

ಕನ್ನಡದಲ್ಲಿ ಈ ತೊಂದರೆ ಹೆಚ್ಚು. ಅರ್ಕಾವತ್ತನ್ನೇ ನೋಡಿ. ಹಳೆಯ ಅಚ್ಚಿನಲ್ಲಿ ‘ತೀರ್ಥ’, ‘ಧರ್ಮ’ ಎಂಬಲ್ಲಿ ಬರುವ ಅರ್ಕಾವತ್ತು ಕನ್ನಡದ ಒಂಬತ್ತು ಅಂಕಿಯಂತೆಯೇ ಇರುತ್ತದೆ. ಯಂತ್ರ ಅದನ್ನು ಅಂಕಿ ಎಂದೇ ಓದಿ ‘ತೀಥ೯’, ‘ಧಮ೯’ ಎಂದು ಬರೆದುಕೊಂಡಿರುವುದು ಸಾಮಾನ್ಯ. ನಮ್ಮ ಧರ್ಮದ ಪದಗಳಲ್ಲಿ ಅರ್ಕಾವತ್ತು ಎಷ್ಟಿದೆ ಎಂದು ಯೋಚಿಸಿ: ತೀರ್ಥಂಕರ, ಪಾರ್ಶ್ವನಾಥ, ವರ್ಧಮಾನ, ನಿರ್ವಾಣ, ಕೀರ್ತಿ, ಜೀರ್ಣೋದ್ಧಾರ. ಆದ್ದರಿಂದ ಕನ್ನಡ ಪತ್ರಿಕೆಯಲ್ಲಿ ಹುಡುಕುವಾಗ ಅರ್ಕಾವತ್ತು, ಒತ್ತಕ್ಷರ ಇಲ್ಲದ ಪದವನ್ನು ಆರಿಸಿಕೊಳ್ಳುವುದು ಜಾಣತನ. ‘ಪಾರ್ಶ್ವನಾಥ ಬಸದಿ’ ಎನ್ನುವ ಬದಲು ಊರಿನ ಹೆಸರು, ‘ಬಸದಿ’, ‘ಜಿನಾಲಯ’, ‘ಮಾನಸ’ದಂಥ ಸರಳ ಪದಗಳು ಹೆಚ್ಚು ಫಲ ಕೊಡುತ್ತವೆ. ಅನುಸ್ವಾರ ಸೊನ್ನೆಯಾಗುವುದು, ‘ವ’ ‘ಮ’ ಅದಲುಬದಲಾಗುವುದು ಇವೂ ಉಂಟು.

ಇನ್ನೊಂದು ವಿಷಯ. ಇಂಟರ್ನೆಟ್ ಆರ್ಕೈವ್‌ನಲ್ಲಿ ಕೆಲವು ವರ್ಷಗಳ ಹಿಂದಿನವರೆಗೆ ಭಾರತೀಯ ಭಾಷೆಗಳ ಪುಟಗಳನ್ನು ಯಂತ್ರ ಓದುತ್ತಲೇ ಇರಲಿಲ್ಲ. ಆಗ ಏರಿಸಿದ ಎಷ್ಟೋ ಕನ್ನಡ, ಹಿಂದಿ ಸಂಪುಟಗಳಿಗೆ ಪಠ್ಯವೇ ಇಲ್ಲ. ಅವುಗಳಲ್ಲಿ ಯಾವ ಪದ ಕೊಟ್ಟರೂ ಫಲಿತಾಂಶ ಸೊನ್ನೆ. ಒಂದು ಸಂಪುಟ ತೆರೆದಾಗ ಮೊದಲು ಅದರಲ್ಲಿ ಖಂಡಿತ ಇರುವ ಪದವೊಂದನ್ನು, ಉದಾಹರಣೆಗೆ ‘ಜೈನ’ ಎಂಬುದನ್ನು, ಹುಡುಕಿ ನೋಡಿ. ಅದೂ ಸಿಗದಿದ್ದರೆ ಆ ಸಂಪುಟಕ್ಕೆ ಪಠ್ಯ ಇಲ್ಲವೆಂದು ತಿಳಿದು, ವಿಷಯಸೂಚಿಯ ಪುಟಕ್ಕೆ ಹೋಗಿ ಕಣ್ಣಿನಿಂದಲೇ ಓದಬೇಕು. ವರ್ಷಕ್ಕೆ ಒಂದೆರಡು ಸೂಚಿಪುಟ ಅಷ್ಟೇ. ಒಂದು ಸಂಜೆಯಲ್ಲಿ ಹತ್ತು ವರ್ಷದ ಸೂಚಿ ಓದಿ ಮುಗಿಸಬಹುದು, ಮತ್ತು ನನ್ನ ಮಟ್ಟಿಗೆ ಹೇಳುವುದಾದರೆ ಪಠ್ಯ ಇದ್ದಾಗಲೂ ಸೂಚಿಯಿಂದ ಆರಂಭಿಸುವುದೇ ಮೇಲು. ನಾವು ಕೇಳಲು ಯೋಚಿಸದೇ ಇದ್ದ ವಿಷಯ ಅಲ್ಲಿ ಕಣ್ಣಿಗೆ ಬೀಳುತ್ತದೆ.

ಊರಿನ ಹೆಸರು ಎಷ್ಟು ಬಗೆ?

ಹಿಂದಿ ಪತ್ರಿಕೆಯಲ್ಲಿ ಹುಡುಕಲು ದೇವನಾಗರಿಯಲ್ಲಿ ಬರೆಯಬೇಕು. ಫೋನಿನ ಕೀಲಿಮಣೆಗೆ ಹಿಂದಿಯನ್ನು ಸೇರಿಸಿಕೊಂಡರೆ ಸಾಕು. ಆದರೆ ಕನ್ನಡದ ಹೆಸರನ್ನು ಅಕ್ಷರಕ್ಕೆ ಅಕ್ಷರ ದೇವನಾಗರಿಗೆ ತಿರುಗಿಸಿದರೆ ಕೆಲಸವಾಗದು. ಹಿಂದಿಯವರಿಗೆ ನಮ್ಮ ‘ಳ’ ಇಲ್ಲ, ‘ಲ’ ಬರೆಯುತ್ತಾರೆ. ಹ್ರಸ್ವ ‘ಎ’, ‘ಒ’ ಇಲ್ಲ. ಹಾಗಾಗಿ ಶ್ರವಣಬೆಳಗೊಳ ಅಲ್ಲಿ ‘ಶ್ರವಣಬೇಲಗೋಲ’, ‘ಶ್ರವಣಬೇಲ್ಗೋಲ’, ‘ಶ್ರವಣಬೇಲಗೋಲಾ’ ಎಂದಾಗುತ್ತದೆ. ಉತ್ತರದ ಯಾತ್ರಿಕರು ಅದನ್ನು ‘ಜೈನಬದ್ರೀ’ ಎಂದೇ ಕರೆಯುತ್ತಿದ್ದರು. ಹಳೆಯ ಯಾತ್ರಾವರ್ಣನೆಗಳಲ್ಲಿ ‘ಜೈನಬದ್ರೀ ಮೂಡಬದ್ರೀ’ ಎಂಬ ಜೋಡಿ ಬರುತ್ತದೆ. ಮೂಡಬಿದಿರೆಗೆ ‘ಮೂಡಬಿದ್ರೀ’, ‘ಮೂಡವಿದ್ರೀ’ ಎರಡನ್ನೂ ಕೊಟ್ಟು ನೋಡಿ. ಕಾರ್ಕಳ ‘ಕಾರಕಲ’ ಆಗಿರುತ್ತದೆ. ನಮ್ಮ ಭಾಷೆಯ ಹೆಸರೂ ಬೇರೆ: ಹಳೆಯ ಹಿಂದಿಯ ಪಂಡಿತರು ಕನ್ನಡವನ್ನು ‘ಕನಡೀ’ ಎಂದು ಬರೆಯುತ್ತಿದ್ದರು. ‘ಕನ್ನಡ ಕವಿ’ ಎಂದು ಹುಡುಕಿದವರಿಗೆ ಆ ಲೇಖನಗಳು ಸಿಗುವುದಿಲ್ಲ.

ಇಂಗ್ಲಿಷಿನ ಗೊಂದಲ ಬೇರೆ ಬಗೆಯದು. ‘ಶ್ರವಣ’ವನ್ನು ಎಸ್ ಎಚ್ ಆರ್ ಎಂದು ಆರಂಭಿಸುವುದು ಇತ್ತೀಚಿನ ರೂಢಿ. ರೈಸ್, ನರಸಿಂಹಾಚಾರ್ಯರ ಕಾಲದಲ್ಲಿ ಬರೀ ಎಸ್ ಆರ್, ಅದೂ ‘ಬೆಳ್ಗೊಳ’ವನ್ನು ಬೇರೆ ಪದವಾಗಿ ಬಿಡಿಸಿ. ಅಕ್ಷರದ ಮೇಲೆ ಕೆಳಗೆ ಚುಕ್ಕಿ ಗೆರೆ ಹಾಕಿದ ವಿದ್ವತ್ ಬರಹವನ್ನು ಯಂತ್ರ ಇನ್ನಷ್ಟು ಕೆಡಿಸಿರುತ್ತದೆ. ಉದ್ದ ಹೆಸರಿನ ಬದಲು ‘ಬೆಳ್ಗೊಳ’ದಂಥ ತುಂಡನ್ನು ಕೊಟ್ಟರೆ ಸಿಗುವ ಸಾಧ್ಯತೆ ಹೆಚ್ಚು. ವೇಣೂರು ಹಳೆಯ ಇಂಗ್ಲಿಷ್ ಬರಹಗಳಲ್ಲಿ ‘ಯೇನೂರು’. ಜಿಲ್ಲೆ ‘ಸೌತ್ ಕೆನರಾ’, ಬೆಳಗಾವಿ ‘ಬೆಲ್ಗಾಮ್’, ಧಾರವಾಡದ ಕೊನೆಯಲ್ಲಿ ಡಿ ಬದಲು ಆರ್. 1973ಕ್ಕೆ ಮೊದಲು ನಮ್ಮದು ‘ಮೈಸೂರು’ ರಾಜ್ಯ ಎಂಬುದೂ ನೆನಪಿರಲಿ.

ಕ್ಷೇತ್ರಗಳ ಹಳೆಯ ಹೆಸರುಗಳನ್ನಂತೂ ಬಿಡಲೇಬಾರದು. ಹುಂಚಕ್ಕೆ ಹೊಂಬುಜ, ಪೊಂಬುರ್ಚ. ಕೊಪ್ಪಳಕ್ಕೆ ಕೊಪಣ. ಹಲಸಿಗೆ ಪಲಾಶಿಕಾ. ಹಾಡುವಳ್ಳಿಗೆ ಸಂಗೀತಪುರ. ಗೇರುಸೊಪ್ಪೆಗೆ ಕ್ಷೇಮಪುರ. ಸೋಂದೆಗೆ ಸೋದೆ, ಸ್ವಾದಿ. ಸ್ತವನಿಧಿಗೆ ತವನಿಧಿ, ತವಂದಿ. ಈ ಕೊನೆಯ ಊರು ಗಡಿಭಾಗದ ಕುಟುಂಬಗಳಿಗೆ ಮುಖ್ಯ. ದಕ್ಷಿಣ ಭಾರತ ಜೈನ ಸಭೆ 1899ರಲ್ಲಿ ಸ್ಥಾಪನೆಯಾದದ್ದು ಅಲ್ಲೇ. ಸಭೆಯ ಮುಖಪತ್ರ ‘ಪ್ರಗತಿ ಆಣಿ ಜಿನವಿಜಯ’ ಮರಾಠಿಯದು. ಚಿಕ್ಕೋಡಿ, ನಿಪ್ಪಾಣಿ, ಅಥಣಿ ಕಡೆಯ ಪಾಟೀಲ, ಚೌಗುಲೆ, ಮಗದುಮ್, ಉಪಾಧ್ಯೆ ಮನೆತನದವರು ಮರಾಠಿ ಮೂಲಗಳನ್ನು ನೋಡದೆ ಹುಡುಕಾಟ ಮುಗಿಸುವಂತಿಲ್ಲ.

ಒಂದೇ ಹೆಸರು, ಹಲವರು

ಊರಿನ ವಿಷಯದಲ್ಲಿ ಒಂದಕ್ಕೆ ಹಲವು ಹೆಸರು. ಸ್ವಾಮೀಜಿಯವರ ವಿಷಯದಲ್ಲಿ ಇದು ತಿರುವುಮುರುವು. ಭಟ್ಟಾರಕ ಪೀಠಗಳಲ್ಲಿ ಪಟ್ಟಾಭಿಷೇಕವಾದವರಿಗೆ ಪೀಠದ ಹೆಸರೇ ಬರುವುದರಿಂದ ‘ಚಾರುಕೀರ್ತಿ’ ಎಂದು ಹುಡುಕಿದರೆ ಶ್ರವಣಬೆಳಗೊಳದವರೂ ಮೂಡಬಿದಿರೆಯವರೂ ಸೇರಿ ಹಲವು ತಲೆಮಾರಿನ ಪೂಜ್ಯರು ಒಟ್ಟಿಗೆ ಬರುತ್ತಾರೆ. ‘ಲಕ್ಷ್ಮೀಸೇನ’ ಎಂದರೆ ನರಸಿಂಹರಾಜಪುರವೂ ಇರಬಹುದು, ಕೊಲ್ಹಾಪುರವೂ ಇರಬಹುದು. ಕಾರ್ಕಳದ ಲಲಿತಕೀರ್ತಿ, ಹೊಂಬುಜದ ದೇವೇಂದ್ರಕೀರ್ತಿ ಎಂಬಲ್ಲಿ ಊರಿನ ಗೊಂದಲ ಕಡಿಮೆ, ಆದರೆ ಯಾವ ತಲೆಮಾರಿನವರು ಎಂಬುದನ್ನು ನೋಡಲೇಬೇಕು. 1940ರ ಸಂಚಿಕೆಯ ಸುದ್ದಿಯನ್ನು ಇಂದಿನ ಪೂಜ್ಯರ ಹೆಸರಿಗೆ ಅಂಟಿಸಿ ಬರೆದರೆ ಅದು ಅವಿನಯ ಮಾತ್ರವಲ್ಲ, ಮುಂದಿನವರಿಗೆ ದಾರಿ ತಪ್ಪಿಸುವ ಕೆಲಸ.

ಮುನಿಗಳಲ್ಲೂ ಹಾಗೆಯೇ. ಭೋಜ ಗ್ರಾಮದ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರ ಕಾಲದಲ್ಲೇ ಉತ್ತರದಲ್ಲಿ ‘ಛಾಣಿ’ ಎಂದು ಗುರುತಿಸಲಾಗುವ ಇನ್ನೊಬ್ಬ ಶಾಂತಿಸಾಗರ ಮಹಾರಾಜರಿದ್ದರು. ವಿಹಾರದ ಸುದ್ದಿ ಓದುವಾಗ ಸ್ಥಳ ಮತ್ತು ತಿಂಗಳನ್ನು ತಾಳೆ ನೋಡದೆ ‘ನಮ್ಮೂರಿಗೆ ಆಚಾರ್ಯಶ್ರೀ ಬಂದಿದ್ದರು’ ಎಂದು ಬರೆಯಬಾರದು.

ಮನೆತನದ ಹಿರಿಯರನ್ನು ಹುಡುಕುವವರು ‘ಜೈನ್’ ಎಂಬ ಕೊನೆಯ ಹೆಸರನ್ನು ಬಿಟ್ಟುಬಿಡಿ. ನಮ್ಮಲ್ಲಿ ಹಲವು ಮನೆಗಳಲ್ಲಿ ಅದು ಶಾಲೆಯ ದಾಖಲಾತಿಯ ಕಾಲಕ್ಕೆ ಬಂದದ್ದು. ಅಜ್ಜನ ಹೆಸರಿನ ಮುಂದೆ ಶೆಟ್ಟಿ, ಹೆಗ್ಗಡೆ, ಬಲ್ಲಾಳ, ಇಂದ್ರ, ಶಾಸ್ತ್ರಿ, ಪಂಡಿತ ಎಂದೇನೋ ಇರುತ್ತದೆ. ತುಳುನಾಡಿನವರಿಗೆ ಇನ್ನೊಂದು ಮಾತು. ಇಂದ್ರರ ಮನೆಗಳನ್ನು ಬಿಟ್ಟರೆ ಅಲ್ಲಿಯ ಜೈನರಲ್ಲಿ ಅಳಿಯಸಂತಾನ ಕಟ್ಟು ನಡೆದು ಬಂದಿದ್ದರಿಂದ ಅಜ್ಜನನ್ನು ಅವರ ತಂದೆಯ ಮನೆಯ ಹೆಸರಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ತಾಯಿಮನೆಯ ಬೀಡು ಅಥವಾ ಗುತ್ತಿನ ಹೆಸರು, ಸೋದರಮಾವನ ಹೆಸರು ಕೊಟ್ಟು ನೋಡಿ.

ಅಜ್ಜಿಯಂದಿರನ್ನು ಹುಡುಕುವುದು ಎಲ್ಲಕ್ಕಿಂತ ಕಷ್ಟ. ಬಸದಿಗೆ ಚಿನ್ನ ಕೊಟ್ಟವರು, ನೋಂಪಿ ಉದ್ಯಾಪನೆ ಮಾಡಿಸಿದವರು, ಶಾಸ್ತ್ರದಾನ ಮಾಡಿದವರು ಹೆಚ್ಚಾಗಿ ಹೆಂಗಸರೇ. ಆದರೆ ಅಚ್ಚಿನಲ್ಲಿ ಅವರು ‘ಇಂಥವರ ಧರ್ಮಪತ್ನಿ’, ‘ಇಂಥವರ ಮಾತೋಶ್ರೀ’ ಎಂದೇ ಬರುತ್ತಾರೆ. ಹೆಸರು ಬಿಟ್ಟು ‘ಧರ್ಮಪತ್ನಿ’, ‘ಸೌಭಾಗ್ಯವತಿ’, ‘ಸೌ.’, ‘ಸ್ಮರಣಾರ್ಥ’ ಎಂಬ ಪದಗಳನ್ನು ಗಂಡನ ಹೆಸರಿನ ಜೊತೆ ಕೊಟ್ಟು ನೋಡಬೇಕು. ಲೇಖನಗಳಲ್ಲಿ ಅಲ್ಲ, ಸಂಚಿಕೆಯ ಕೊನೆಯ ದಾನಿಗಳ ಪಟ್ಟಿಯಲ್ಲಿ, ‘ಪ್ರಾಪ್ತಿ ಸ್ವೀಕಾರ’ದಲ್ಲಿ, ನಿಧನ ವಾರ್ತೆಯಲ್ಲಿ ಇವು ಸಿಗುತ್ತವೆ. ಆ ಪುಟಗಳಲ್ಲಿ ಅಚ್ಚು ಸಣ್ಣದು, ಯಂತ್ರ ಹೆಚ್ಚು ಎಡವುವುದೂ ಅಲ್ಲೇ. ವರ್ಷ ಗೊತ್ತಿದ್ದರೆ ಪುಟ ತಿರುವಿ ಓದುವುದೇ ಸರಿ.

ವರ್ಷದ ಲೆಕ್ಕ

ಹಳೆಯ ಜೈನ ಪತ್ರಿಕೆಯ ಮುಖಪುಟದಲ್ಲಿ ವೀರ ನಿರ್ವಾಣ ಸಂವತ್, ವಿಕ್ರಮ ಸಂವತ್ ಇರುತ್ತವೆ. ಎಲ್ಲ ಕಡೆ ಇಸವಿ ಇರುವುದಿಲ್ಲ. ನಿರ್ವಾಣ ಸಂವತ್ ದೀಪಾವಳಿಗೆ ಬದಲಾಗುತ್ತದೆ. ಜನವರಿಯಿಂದ ದೀಪಾವಳಿಯವರೆಗಿನ ಸಂಚಿಕೆಯಾದರೆ ಸಂವತ್ಸರದಿಂದ 526 ಕಳೆಯಿರಿ, ದೀಪಾವಳಿಯಿಂದ ಡಿಸೆಂಬರ್‌ವರೆಗಿನದಾದರೆ 527. ಆಚಾರ್ಯ ಶಾಂತಿಸಾಗರ ಮಹಾರಾಜರು ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ಸಮಾಧಿಸ್ಥರಾದದ್ದು 1955ರ ಸೆಪ್ಟೆಂಬರ್ 18ರಂದು, ಅಂದರೆ ನಿರ್ವಾಣ ಸಂವತ್ 2481ರಲ್ಲಿ. ಅದೇ ವರ್ಷ ದೀಪಾವಳಿ ಕಳೆದು ಬಂದ ಶ್ರದ್ಧಾಂಜಲಿ ಲೇಖನ 2482ರ ಸಂಚಿಕೆಯಲ್ಲಿರುತ್ತದೆ. ಈ ಒಂದು ವರ್ಷದ ಅಂತರವೇ ಫಲಕಗಳ ಮೇಲಿನ ಎಷ್ಟೋ ತಪ್ಪುಗಳಿಗೆ ಕಾರಣ.

‘ಸಂಚಿಕೆ’ ಎಂಬ ಪದವನ್ನೂ ಅಲ್ಲಿ ಹುಡುಕಬೇಡಿ. ಭಾಸ್ಕರ, ಅನೇಕಾಂತ ಎರಡರಲ್ಲೂ ಸಂಚಿಕೆಗೆ ‘ಕಿರಣ’ ಎನ್ನುತ್ತಾರೆ. ಭಾಸ್ಕರದಲ್ಲಿ ‘ಭಾಗ, ಕಿರಣ’. ಅನೇಕಾಂತದಲ್ಲಿ ‘ವರ್ಷ, ಕಿರಣ’.

ವರ್ಷವೇ ಗೊತ್ತಿಲ್ಲದಿದ್ದರೆ ದೊಡ್ಡ ಉತ್ಸವಗಳನ್ನು ಹಿಡಿದು ಹೋಗಬಹುದು. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ ನಡೆದ 1910, 1925, 1940, 1953, 1967, 1981 ಈ ವರ್ಷಗಳ ಆಸುಪಾಸಿನ ಸಂಚಿಕೆಗಳಲ್ಲಿ ಕರ್ನಾಟಕದ ಸುದ್ದಿ ದಟ್ಟವಾಗಿರುತ್ತದೆ. ಉತ್ತರದಿಂದ ಬಂದ ಯಾತ್ರಿಕರು ಬೆಳಗೊಳದ ಅಭಿಷೇಕ ಮುಗಿಸಿ ದಾರಿಯ ಸಣ್ಣ ಬಸದಿಗಳನ್ನೂ ನೋಡಿ ಹೋಗುತ್ತಿದ್ದರು. ಹೋದವರು ಬರೆದರು. ನಮ್ಮೂರಿನ ಬಸದಿಯ ಮಾಡು ಸೋರುತ್ತಿತ್ತೋ, ಪೂಜೆ ನಡೆಯುತ್ತಿತ್ತೋ, ಎಷ್ಟು ಮನೆಗಳಿದ್ದವೋ ಎಂಬುದನ್ನು ಕಣ್ಣಾರೆ ಕಂಡು ಬರೆದ ಒಂದು ಸಾಲು ಹತ್ತು ದಂತಕಥೆಗಿಂತ ಮೇಲು.

ಸಿಕ್ಕ ಮೇಲೆ

ಸಿಕ್ಕ ಪುಟವನ್ನು ಫೋನಿನಲ್ಲಿ ಫೋಟೋ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಿಬಿಟ್ಟರೆ ಎರಡು ದಿನದಲ್ಲಿ ಅದು ಯಾವ ಪತ್ರಿಕೆ, ಯಾವ ವರ್ಷ ಎಂಬುದೇ ಯಾರಿಗೂ ತಿಳಿಯದಂತಾಗುತ್ತದೆ. ಪತ್ರಿಕೆಯ ಹೆಸರು, ಭಾಗ, ಕಿರಣ, ವರ್ಷ, ಲೇಖಕರು, ಪುಟ ಇಷ್ಟನ್ನೂ ಬರೆದಿಡಿ. ಪರದೆಯ ಮೇಲೆ ತೋರಿಸುವ ಪುಟಸಂಖ್ಯೆ ಬೇರೆ, ಕಾಗದದ ಮೇಲೆ ಅಚ್ಚಾದದ್ದು ಬೇರೆ, ಅಚ್ಚಾದದ್ದನ್ನೇ ಬರೆಯಬೇಕು. ಭಾಸ್ಕರದಲ್ಲಿ ಹಿಂದಿ ಭಾಗಕ್ಕೂ ಇಂಗ್ಲಿಷ್ ಭಾಗಕ್ಕೂ ಪುಟಸಂಖ್ಯೆ ಬೇರೆ ಬೇರೆ ಇರುವುದರಿಂದ ಯಾವ ಭಾಗ ಎಂಬುದೂ ಬೇಕು. ಹಾಗೆಯೇ ಸಂಪುಟವನ್ನು ಇಳಿಸಿಕೊಂಡು ಇಟ್ಟುಕೊಳ್ಳಿ. 2024ರ ಅಕ್ಟೋಬರಿನಲ್ಲಿ ಸೈಬರ್ ದಾಳಿಯಾಗಿ ಇಂಟರ್ನೆಟ್ ಆರ್ಕೈವ್ ಹಲವು ದಿನ ಮುಚ್ಚಿತ್ತು. ಆಗ ಕೊಂಡಿ ಮಾತ್ರ ಇಟ್ಟುಕೊಂಡಿದ್ದವರು ಕಾಯಬೇಕಾಯಿತು.

ಹಿಂದಿ ಬಾರದವರು ಪುಟದ ಮೇಲೆ ಗೂಗಲ್ ಲೆನ್ಸ್ ಹಿಡಿದರೆ ಕನ್ನಡದಲ್ಲಿ ಅರ್ಥ ತೋರಿಸುತ್ತದೆ. ಸಾರ ತಿಳಿಯಲು ಸಾಕು. ಅಚ್ಚಿಗೆ ಕೊಡುವ ಮುನ್ನ ಮಾತ್ರ ಹಿಂದಿ ಬಲ್ಲವರಿಂದ ಓದಿಸಬೇಕು. ಹೆಸರುಗಳನ್ನೂ ತತ್ತ್ವದ ಪದಗಳನ್ನೂ ಅದು ಅನುವಾದಿಸಿಬಿಡುತ್ತದೆ. ಇಡೀ ಲೇಖನವನ್ನು ಸ್ಮರಣ ಸಂಚಿಕೆಯಲ್ಲಿ ಮರುಮುದ್ರಿಸುವುದಾದರೆ ಲೇಖಕರು ತೀರಿಕೊಂಡು 60 ವರ್ಷ ಆಗಿದೆಯೇ ನೋಡಿ. ಆಗಿಲ್ಲದಿದ್ದರೆ ಹಕ್ಕುದಾರರ ಅನುಮತಿ ಬೇಕು. ಮಾಹಿತಿಯನ್ನು ನಮ್ಮ ಮಾತಿನಲ್ಲಿ ಬರೆದು ಮೂಲವನ್ನು ಹೆಸರಿಸಲು ಯಾರ ಅನುಮತಿಯೂ ಬೇಡ.

ಬಸದಿಯ ಜಾಗದ ವ್ಯಾಜ್ಯ ಇರುವ ಕಡೆ ಕೆಲವರು ಇಂಥ ಪುಟವನ್ನೇ ದಾಖಲೆ ಎಂದು ಹಿಡಿದುಕೊಂಡು ಹೋಗುತ್ತಾರೆ. ಪತ್ರಿಕೆಯ ಸುದ್ದಿಯಿಂದ ಹಕ್ಕು ಸಿಗುವುದಿಲ್ಲ. ಆದರೆ ಜೀರ್ಣೋದ್ಧಾರ ಯಾವ ವರ್ಷ ಆಯಿತು, ಆಗ ಮೊಕ್ತೇಸರರು ಯಾರು ಎಂಬುದು ಅದರಿಂದ ತಿಳಿದರೆ, ನೋಂದಣಿ ಕಚೇರಿಯಲ್ಲೂ ತಾಲ್ಲೂಕು ಕಚೇರಿಯಲ್ಲೂ ಯಾವ ವರ್ಷದ ಪುಸ್ತಕ ತೆಗೆಸಬೇಕು ಎಂಬುದು ಗೊತ್ತಾಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಏನೂ ಸಿಗದೇ ಹೋಗಬಹುದು. ಹಿಂದಿ, ಇಂಗ್ಲಿಷ್ ಪತ್ರಿಕೆಗಳು ದೊಡ್ಡ ಗ್ರಂಥಾಲಯಗಳಲ್ಲಿ ಉಳಿದು ಸ್ಕ್ಯಾನ್ ಆದಷ್ಟು ನಮ್ಮ ಕನ್ನಡದ ಜೈನ ಮಾಸಿಕಗಳು ಆಗಿಲ್ಲ. ಮದುವೆ, ವ್ರತ, ಊರಿನ ಸಭೆ, ವಿದ್ಯಾರ್ಥಿ ನಿಲಯದ ಸುದ್ದಿಗಳು ಇದ್ದದ್ದು ಅವುಗಳಲ್ಲೇ. ಅವು ಈಗ ಇರುವುದು ಅಟ್ಟದ ಮೇಲಿನ ಕಟ್ಟುಗಳಲ್ಲಿ, ಮನೆ ಖಾಲಿ ಮಾಡುವಾಗ ರದ್ದಿಗೆ ಹೋಗುವ ಚೀಲಗಳಲ್ಲಿ. ಅಂಥ ಕಟ್ಟು ನಿಮ್ಮ ಮನೆಯಲ್ಲಿದ್ದರೆ ಮೊದಲು ಪ್ರತಿ ಸಂಚಿಕೆಯ ಮುಖಪುಟ ಮತ್ತು ವಿಷಯಸೂಚಿ, ಈ ಎರಡರ ಫೋಟೋವನ್ನು ಹಗಲು ಬೆಳಕಿನಲ್ಲಿ ತೆಗೆದಿಡಿ. ಲ್ಯಾಮಿನೇಷನ್ ಮಾಡಿಸಬೇಡಿ, ತೂತು ಹೊಡೆದು ದಾರ ಕಟ್ಟಬೇಡಿ, ಅಂಟುಪಟ್ಟಿ ಹಚ್ಚಬೇಡಿ. ಹುಳ ಹಿಡಿದ ಪ್ರತಿಗಳನ್ನು ಉಳಿದವುಗಳಿಂದ ಬೇರೆ ಇಡಿ. ಆ ಸೂಚಿಯ ಫೋಟೋಗಳನ್ನು ನೋಡಿದರೆ ಯಾವ ಸಂಚಿಕೆಗಳನ್ನು ಪೂರ್ತಿ ಸ್ಕ್ಯಾನ್ ಮಾಡಿಸಬೇಕು, ಯಾವುವು ಈಗಾಗಲೇ ಬೇರೆ ಕಡೆ ಸಿಗುತ್ತವೆ ಎಂಬುದನ್ನು ಒಂದು ದಿನದಲ್ಲಿ ತೀರ್ಮಾನಿಸಬಹುದು.